ವಸಂತದ ಮೊದಲ ದಿನಗಳಲ್ಲಿ ಪೈಕ್ ಎರೆ ಮುಟ್ಟದಿದ್ದಾಗ: ಸತ್ತ ಮೀನಿನ ಎರೆಯ ದೋಷ ಪತ್ತೆ ಮತ್ತು ಪರಿಹಾರ

ಇಂಗ್ಲೆಂಡಿನ ನದಿ, ತೊರೆ ಹಾಗೂ ಡ್ರೇನ್‌ಗಳಲ್ಲಿ (ಜೌಗಿನ ನೀರು ಬಸಿಯಲು ತೋಡಿದ ಕಾಲುವೆಗಳಲ್ಲಿ) ಪೈಕ್ ಎಂಬ ಸಿಹಿನೀರಿನ ಬೇಟೆಗಾರ ಮೀನಿಗೆ ಗಾಳ ಹಾಕಲು ಮಾರ್ಚ್ 14 ಕೊನೆಯ ದಿನ. ಮರುದಿನದಿಂದ ಜೂನ್ 15ರವರೆಗೆ ನಿಷೇಧದ ಅವಧಿ ಇರುತ್ತದೆ. ಆದ್ದರಿಂದ ಫೆಬ್ರವರಿಯ ನಡುಭಾಗದಿಂದ ಅಲ್ಲಿಯವರೆಗಿನ ನಾಲ್ಕು ವಾರಗಳು ಗಾಳ ಹಾಕುವವರಿಗೆ ಬಹಳ ಬೆಲೆಯುಳ್ಳವು. ಹೆಣ್ಣು ಪೈಕ್‌ಗಳು ತತ್ತಿ ತುಂಬಿಕೊಂಡು ವರ್ಷದಲ್ಲೇ ಹೆಚ್ಚು ತೂಗುವುದು ಈ ದಿನಗಳಲ್ಲಿ. ಬ್ರಿಟನ್ನಿನ ಹಳೆಯ ದಾಖಲೆಯನ್ನು ಮುರಿದ 47 ಪೌಂಡ್ 5 ಔನ್ಸ್ ತೂಕದ ಪೈಕ್ ಬ್ರಿಸ್ಟಲ್ ಸಮೀಪದ ಚೂ ವ್ಯಾಲಿ ಸರೋವರದಲ್ಲಿ ಸಿಕ್ಕಿದ್ದೂ 2024ರ ಫೆಬ್ರವರಿಯಲ್ಲೇ. ಇಷ್ಟಾದರೂ ದಂಡೆಯ ಮೇಲೆ ಅತಿ ಹೆಚ್ಚು ದೂರುಗಳು ಕೇಳಿಬರುವುದು ಇದೇ ದಿನಗಳಲ್ಲಿ: ಬೆಳಗಿನಿಂದ ಸಂಜೆಯವರೆಗೆ ಕುಳಿತರೂ ಬೆಂಡು ಅಲುಗಲಿಲ್ಲ, ಅಲುಗಿದರೂ ಎರಡು ಮಾರು ಸರಿದು ನಿಂತುಹೋಯಿತು, ಎರೆ ಹಾಗೆಯೇ ಹಿಂದಕ್ಕೆ ಬಂತು.

ಇಂಥ ಹೊತ್ತಿನಲ್ಲಿ ಎರೆಯ ಜಾತಿಯನ್ನೇ ಬದಲಾಯಿಸುವುದು ಎಲ್ಲರ ರೂಢಿ. ಬೂತಾಯಿಯನ್ನು ತೆಗೆದು ಬಂಗುಡೆ ಹಾಕುತ್ತಾರೆ, ಬಂಗುಡೆಯನ್ನು ತೆಗೆದು ಸ್ಮೆಲ್ಟ್ ಎಂಬ ಸಣ್ಣ ಮೀನು ಹಾಕುತ್ತಾರೆ, ಸಂಜೆಯ ಹೊತ್ತಿಗೆ ಯಾವುದು ಏಕೆ ಫಲಿಸಲಿಲ್ಲ ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಕೇಂಬ್ರಿಜ್‌ಶೈರಿನ, ಹಿಂದೆ ಜೌಗಾಗಿದ್ದ ಫೆನ್ ಸೀಮೆಯ ಡ್ರೇನ್‌ಗಳ ದಂಡೆಯಲ್ಲಿ ಹಲವು ಚಳಿಗಾಲಗಳನ್ನು ಕಳೆದ ಮೇಲೆ ನಾನು ಕಲಿತದ್ದು ಇಷ್ಟು: ಎರೆಯನ್ನು ಬದಲಾಯಿಸುವ ಮೊದಲು, ನೀರಿನಿಂದ ಹಿಂದಕ್ಕೆ ಬಂದ ಎರೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಎರಡೂ ಮಗ್ಗುಲನ್ನು ನೋಡಬೇಕು. ದೋಷ ಯಾವುದೆಂಬುದರ ಗುರುತು ಬಹುಪಾಲು ಅದರ ಮೈಮೇಲೇ ಇರುತ್ತದೆ. ಈ ಕೈಪಿಡಿ ಆ ಗುರುತುಗಳನ್ನು ಓದುವುದಕ್ಕೆ ಮತ್ತು ಅದಕ್ಕೆ ತಕ್ಕ ಎರೆಯನ್ನು ಆರಿಸುವುದಕ್ಕೆ ಸಂಬಂಧಿಸಿದ್ದು.

ಪದಗಳ ಬಗ್ಗೆ ಒಂದು ಮಾತು. ಎರೆ ಎಂದರೆ ಇಲ್ಲಿ ಎರೆಹುಳುವಲ್ಲ, ಗಾಳಕ್ಕೆ ಸಿಕ್ಕಿಸುವ ಇಡಿಯ ಅಥವಾ ಕತ್ತರಿಸಿದ ಸತ್ತ ಮೀನು. ಬಂಗುಡೆ, ಬೂತಾಯಿ ಎಂದು ನಾನು ಬರೆಯುವುದು ಅಟ್ಲಾಂಟಿಕ್ ಸಮುದ್ರದ ಮೀನುಗಳನ್ನು ಕುರಿತು. ಅವು ಮಲ್ಪೆ, ಗಂಗೊಳ್ಳಿಗಳಲ್ಲಿ ಸಿಗುವ ಜಾತಿಗಳೇ ಅಲ್ಲ, ಅವುಗಳ ಹತ್ತಿರದ ಬಂಧುಗಳು. ಮೈಯ ಎಣ್ಣೆ, ಚರ್ಮದ ಗುಣ, ಕೆಡುವ ಬಗೆ ಇವೆಲ್ಲ ಒಂದೇ ತೆರನಾಗಿರುವುದರಿಂದ ಕರಾವಳಿಯವರಿಗೆ ಆ ಹೆಸರುಗಳೇ ಸಾಕು.

ದೋಷ ಎರೆಯದೋ, ಜಾಗದ್ದೋ?

ಎರೆಯ ಮೇಲೆ ತಪ್ಪು ಹೊರಿಸುವ ಮುನ್ನ ನೀರಿನಲ್ಲಿ ಉಷ್ಣಮಾಪಕವನ್ನು ಇಳಿಸಬೇಕು. ಪೈಕ್ ಶೀತರಕ್ತದ ಪ್ರಾಣಿ. 4 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದರ ಜೀರ್ಣಕ್ರಿಯೆ ಬಹಳ ನಿಧಾನವಾಗಿ ನಡೆಯುತ್ತದೆ, ಒಮ್ಮೆ ಹೊಟ್ಟೆ ತುಂಬಿದರೆ ದಿನಗಟ್ಟಲೆ ಅದಕ್ಕೆ ಬೇರೆ ಆಹಾರ ಬೇಕಾಗುವುದಿಲ್ಲ. ನೀರು ಏಳೆಂಟು ಡಿಗ್ರಿಗೆ ಏರುತ್ತಿದ್ದಂತೆ ಅದು ಮೊಟ್ಟೆಯಿಡುವ ಜಾಗವನ್ನು ಹುಡುಕುತ್ತ ಆಳದ ನೀರನ್ನು ಬಿಟ್ಟು ಜೊಂಡಿನ ಅಂಚು, ಸಣ್ಣ ಕಾಲುವೆಗಳ ಬಾಯಿ ಮತ್ತು ಆಳವಿಲ್ಲದ ಕೊಲ್ಲಿಗಳ ಕಡೆಗೆ ಸರಿಯುತ್ತದೆ. ಜನವರಿಯಲ್ಲಿ ಮೀನು ಕೊಟ್ಟ ಆಳದ ಗುಂಡಿ ಮಾರ್ಚ್ ಮೊದಲ ವಾರದಲ್ಲಿ ಬರಿದಾಗಿರುವುದಕ್ಕೆ ಕಾರಣ ಇದು. ಅಲ್ಲಿ ಎಂಥ ಒಳ್ಳೆಯ ಎರೆಯನ್ನು ಹಾಕಿದರೂ ಮುಟ್ಟುವ ಬಾಯಿಯೇ ಇರುವುದಿಲ್ಲ.

ಪರೀಕ್ಷೆ ಸರಳವಾಗಿದೆ. ಎರಡು ಕೋಲುಗಳಲ್ಲಿ ಒಂದೇ ಜಾತಿಯ, ಒಂದೇ ಅಳತೆಯ ಎರೆಯನ್ನು ಹಾಕಿ, ಒಂದನ್ನು ಆಳದಲ್ಲಿ, ಇನ್ನೊಂದನ್ನು ಜೊಂಡಿನಿಂದ ಒಂದು ಮಾರು ದೂರದಲ್ಲಿ ಇಡಬೇಕು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಕಾದು, ಏನೂ ಆಗದಿದ್ದರೆ ಹಿಂದಿನ ಕೋಲನ್ನು ಎತ್ತಿ ಮುಂದಿನದರ ಆಚೆಗೆ ಹಾಕುತ್ತ ದಂಡೆಯುದ್ದಕ್ಕೂ ಸಾಗಬೇಕು. ಬಿಸಿಲು ದಕ್ಷಿಣದಿಂದ ಬೀಳುವ ಈ ನಾಡಿನಲ್ಲಿ ದಕ್ಷಿಣದ ದಂಡೆ ತನ್ನ ಕಾಲಬುಡದ ನೀರಿಗೆ ತಾನೇ ನೆರಳಾಗುತ್ತದೆ, ಉತ್ತರದ ದಂಡೆಯಂಚಿನ ನೀರು ಮಧ್ಯಾಹ್ನದ ಹೊತ್ತಿಗೆ ಅದಕ್ಕಿಂತ ಸ್ವಲ್ಪ ಬೆಚ್ಚಗಾಗುತ್ತದೆ. ಒಂದೇ ಡಿಗ್ರಿಯ ವ್ಯತ್ಯಾಸವಿದ್ದರೂ ನಾನು ಬೆಚ್ಚಗಿನ ಕಡೆಯಿಂದಲೇ ಆರಂಭಿಸುತ್ತೇನೆ. ಫೆನ್ ಸೀಮೆಯ ಡ್ರೇನ್‌ಗಳಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. 17ನೇ ಶತಮಾನದಲ್ಲಿ ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೈಡೆನ್ ಅವರ ನೇತೃತ್ವದಲ್ಲಿ ಜೌಗನ್ನು ಬರಿದು ಮಾಡಲು ತೋಡಿದ ನೇರ ಕಾಲುವೆಗಳ ಸೀಮೆ ಇದು, ಇಂದಿಗೂ ಮಳೆ ಸುರಿದಾಗ ಪಂಪುಗಳೇ ನೀರನ್ನು ಎತ್ತಿ ಹೊರಹಾಕುತ್ತವೆ. ಪಂಪು ಓಡಿದ ದಿನ ನೀರು ಬಗ್ಗಡವಾಗಿ ಹರಿಯತೊಡಗುತ್ತದೆ. ಆ ದಿನ ಎರೆ ಫಲಿಸದಿದ್ದರೆ ಅದನ್ನು ಎರೆಯ ಸೋಲೆಂದು ಎಣಿಸಬಾರದು.

ಹೀಗೆ ನಾಲ್ಕೈದು ಜಾಗಗಳನ್ನು ದಾಟಿದ ಮೇಲೂ ಎರೆ ನಿರ್ಮಲವಾಗಿ ಹಿಂದಕ್ಕೆ ಬರುತ್ತಿದ್ದರೆ, ಅಥವಾ ಪಕ್ಕದಲ್ಲಿ ಕುಳಿತವರಿಗೆ ಮೀನು ಬಿದ್ದು ನಿಮಗೆ ಬೀಳದಿದ್ದರೆ, ಆಗ ಎರೆಯನ್ನು ಶಂಕಿಸಲು ಕಾರಣವಿದೆ.

ನೀರಿಗಿಳಿಯುವ ಮೊದಲೇ ಕೆಟ್ಟ ಎರೆ

ಈ ದೋಷದ ಬಗ್ಗೆ ನಾನು ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಒಂದು ಇಡೀ ಫೆಬ್ರವರಿಯನ್ನು ನಾನು ಇದರಿಂದಲೇ ಕಳೆದುಕೊಂಡೆ. ಆ ವರ್ಷ ಪ್ರತಿ ಶನಿವಾರ ಉಳಿದ ಬೂತಾಯಿಗಳನ್ನು ಮನೆಗೆ ತಂದು ಮತ್ತೆ ಫ್ರೀಜರಿನಲ್ಲಿಡುತ್ತಿದ್ದೆ, ಮುಂದಿನ ಶನಿವಾರ ಅವನ್ನೇ ಒಯ್ಯುತ್ತಿದ್ದೆ. ಮೂರು ವಾರ ಒಂದು ಬಾಯಿಯೂ ಬೀಳಲಿಲ್ಲ. ನಾಲ್ಕನೆಯ ವಾರ ನನ್ನಿಂದ ಐವತ್ತು ಹೆಜ್ಜೆ ಆಚೆ ಕುಳಿತಿದ್ದ ವಯಸ್ಸಾದ ಗಾಳಗಾರರೊಬ್ಬರು ಎರಡು ಮೀನು ಹಿಡಿದ ಮೇಲೆ ಎದ್ದು ಬಂದು, ನನ್ನ ಪೆಟ್ಟಿಗೆಯಿಂದ ಒಂದು ಬೂತಾಯಿಯನ್ನು ಎತ್ತಿ ಹೊಟ್ಟೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಬೆರಳು ಇಳಿದ ಗುಳಿ ಹಾಗೆಯೇ ನಿಂತಿತು. ಮೀನನ್ನು ಸುತ್ತಿದ್ದ ಪತ್ರಿಕೆಯ ಹಾಳೆಯ ಮೇಲೆ ಹಳದಿ ಎಣ್ಣೆಯ ಕಲೆ ಹರಡಿತ್ತು. ಅದನ್ನು ಮೂಗಿಗೆ ಹಿಡಿದಾಗ ಮೀನಿನ ವಾಸನೆಯ ಬದಲು, ಬಹುಕಾಲ ಮುಚ್ಚಿಟ್ಟ ಕಡಲೆಕಾಯಿ ಎಣ್ಣೆಯ ಕಮಟು ಬಂತು. ಅವರು ಏನೂ ಹೇಳದೆ ತಮ್ಮ ಪೆಟ್ಟಿಗೆಯ ಎರಡು ಮೀನುಗಳನ್ನು ನನ್ನ ಕೈಗಿಟ್ಟರು. ಅವುಗಳಲ್ಲಿ ಒಂದಕ್ಕೆ ಮಧ್ಯಾಹ್ನವೇ ಪೈಕ್ ಬಿತ್ತು.

ಕಾರಣ ಇಷ್ಟೇ. ಮನೆಯ ಫ್ರೀಜರಿನಲ್ಲಿ ಮೀನು ನಿಧಾನವಾಗಿ ಹೆಪ್ಪುಗಟ್ಟುವುದರಿಂದ ಮಾಂಸದೊಳಗೆ ದೊಡ್ಡ ಹಿಮದ ಹರಳುಗಳು ಬೆಳೆದು ಜೀವಕೋಶಗಳನ್ನು ಹರಿಯುತ್ತವೆ. ಕರಗಿದಾಗ ರಸ ಸೋರಿಹೋಗುತ್ತದೆ. ಮತ್ತೊಮ್ಮೆ ಹೆಪ್ಪುಗಟ್ಟಿಸಿ ಕರಗಿಸಿದರೆ ಉಳಿದ ರಸವೂ ಹೋಗಿ, ಚರ್ಮದೊಳಗೆ ಮೆತ್ತನೆಯ ಮುದ್ದೆಯೂ ಗಾಳಿ ತಗುಲಿ ಕಮಟಿದ ಎಣ್ಣೆಯೂ ಉಳಿಯುತ್ತವೆ. ಈ ನಷ್ಟ ಏಕೆ ಮುಖ್ಯವೆಂದರೆ, ಮೀನಿನ ಮೂಗು ಗ್ರಹಿಸುವುದು ನೀರಿನಲ್ಲಿ ಕರಗುವ ವಸ್ತುಗಳನ್ನು, ವಿಶೇಷವಾಗಿ ಅಮೈನೋ ಆಮ್ಲಗಳನ್ನು. ಅವು ಇರುವುದು ರಕ್ತದಲ್ಲಿ, ಮಾಂಸದ ರಸದಲ್ಲಿ. ಎಣ್ಣೆಯಾದರೋ ನೀರಿನಲ್ಲಿ ಕರಗದೆ ಮೇಲಕ್ಕೆ ಏರಿ ತೆಳುವಾಗಿ ಹರಡುತ್ತದೆ. ಎರೆಯ ಮೇಲ್ಗಡೆ ನೀರು ನುಣ್ಣಗೆ ಹೊಳೆಯುವುದನ್ನು ಕಂಡು ನಾವು ಸಂತೋಷಪಡುತ್ತೇವೆ, ಆದರೆ ತಳದಲ್ಲಿರುವ ಪೈಕಿಗೆ ದಾರಿ ತೋರಿಸುವುದು ಕಣ್ಣಿಗೆ ಕಾಣದ ರಸ. ಆ ರಸವನ್ನು ಪತ್ರಿಕೆಯ ಹಾಳೆ ಕುಡಿದಿದ್ದರೆ ಎರೆಯ ಹೆಸರು ಏನಾದರೂ ಪ್ರಯೋಜನವಿಲ್ಲ.

ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಮನೆಯ ಹಿರಿಯರು ಮೀನು ಕೊಳ್ಳುವಾಗ ಮಾಡುವುದನ್ನೇ ಇಲ್ಲಿಯೂ ಮಾಡಬೇಕು. ಕಿವಿರು ಎತ್ತಿ ನೋಡಬೇಕು, ಕೆಂಪಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ. ಹೊಟ್ಟೆ ಬಿರಿದಿರಬಾರದು. ಬಂಗುಡೆಯ ಬೆನ್ನಿನ ಹಸಿರು ನೀಲಿ ಪಟ್ಟೆಗಳು ಮಂಕಾಗಿರಬಾರದು. ತಿನ್ನಲು ಯೋಗ್ಯವಲ್ಲದ್ದು ಎರೆಗೂ ಯೋಗ್ಯವಲ್ಲ ಎಂದೇ ನಾನು ಎಣಿಸುತ್ತೇನೆ. ಮೀನು ಮಾರುವವರಿಂದ ತಾಜಾ ತಂದರೆ ಒಂದೊಂದನ್ನೂ ನೆಟ್ಟಗೆ ಮಲಗಿಸಿ, ಗಾಳಿ ಒಳಗೆ ಉಳಿಯದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಫ್ರೀಜರಿನ ಅತ್ಯಂತ ತಣ್ಣಗಿನ ಭಾಗದಲ್ಲಿ ಒಂದರ ಮೇಲೊಂದು ಬೀಳದಂತೆ ಇಡಬೇಕು. ಡೊಂಕಾಗಿ ಹೆಪ್ಪುಗಟ್ಟಿದ ಮೀನು ಎಳೆದು ತರುವಾಗ ತಿರುಗುತ್ತ ಬಂದು ದಾರವನ್ನು ಹುರಿಗಟ್ಟಿಸುತ್ತದೆ. ದಂಡೆಗೆ ಒಯ್ಯುವಾಗ ಬೇಕಾದಷ್ಟನ್ನೇ ಒಯ್ಯಬೇಕು. ಉಳಿದದ್ದು ಗಟ್ಟಿಯಾಗಿಯೇ ಇದ್ದರೆ ಮಾತ್ರ ಹಿಂದಕ್ಕೆ ಫ್ರೀಜರಿಗೆ, ಕರಗಿದ್ದರೆ ಕಸದ ಬುಟ್ಟಿಗೆ ಹೋಗಬೇಕು.

ಹಿಂದಕ್ಕೆ ಬಂದ ಎರೆಯ ಮೈ ಓದುವ ಬಗೆ

ಎರೆ ತಾಜಾ ಆಗಿದ್ದೂ ಫಲಿಸದಿದ್ದಾಗ ಅದರ ಮೈಯನ್ನು ಪರಿಶೀಲಿಸಬೇಕು. ಇದಕ್ಕೆ ಎರಡು ನಿಮಿಷ ಸಾಕು, ಒದ್ದೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಬೇಕು.

ಪೈಕಿನ ಕೆಳದವಡೆಯಲ್ಲಿ ದೊಡ್ಡ ಕೋರೆಹಲ್ಲುಗಳಿರುತ್ತವೆ. ಬಾಯಿಯ ಮೇಲ್ಛಾವಣಿಯಲ್ಲಿ ಹಿಂದಕ್ಕೆ ಬಾಗಿದ ನೂರಾರು ಸಣ್ಣ ಹಲ್ಲುಗಳ ಪಟ್ಟಿಗಳಿರುತ್ತವೆ. ಆದ್ದರಿಂದ ಪೈಕ್ ಹಿಡಿದು ಬಿಟ್ಟ ಎರೆಯ ಒಂದು ಮಗ್ಗುಲಿನಲ್ಲಿ ಅಂತರ ಬಿಟ್ಟು ಬಿಟ್ಟು ಆಳವಾದ ಸೀಳುಗಳೂ, ಇನ್ನೊಂದು ಮಗ್ಗುಲಿನಲ್ಲಿ ಅರದಿಂದ ಉಜ್ಜಿದಂತೆ ಹುರುಪೆ ಕಿತ್ತುಹೋದ ಜಾಗವೂ ಕಾಣುತ್ತವೆ. ಸೀಳುಗಳು ಮೀನಿನ ನಡುಭಾಗದಲ್ಲಿ ಅಡ್ಡಲಾಗಿ ಇದ್ದರೆ, ಪೈಕ್ ಎಂದಿನಂತೆ ಎರೆಯನ್ನು ಅಡ್ಡ ಹಿಡಿದು ಒಯ್ದಿದೆ, ನುಂಗಲು ಅದನ್ನು ತಲೆಯ ಕಡೆಗೆ ತಿರುಗಿಸಿಕೊಳ್ಳುವ ಮೊದಲೇ ಏನೋ ಅದನ್ನು ಬೆಚ್ಚಿಸಿದೆ ಎಂದು ತಿಳಿಯಬೇಕು. ಅಲ್ಲಿ ಎರೆಯ ಆಯ್ಕೆ ಸರಿಯಾಗಿದೆ, ದೋಷ ಕಟ್ಟಿನಲ್ಲಿದೆ, ಎಂದರೆ ದಾರ, ತೂಕ, ಗಾಳಗಳನ್ನು ಜೋಡಿಸಿದ ಬಗೆಯಲ್ಲಿದೆ. ಸೀಳುಗಳು ಒತ್ತೊತ್ತಾಗಿ, ಸಣ್ಣದಾಗಿ, ಬಾಲದ ತುದಿಯಲ್ಲಿ ಮಾತ್ರ ಇದ್ದರೆ ಎಳೆಯ ಪೈಕೊಂದು ತನ್ನ ಬಾಯಿಗೆ ಮೀರಿದ ಎರೆಯನ್ನು ಜಗ್ಗಿ ನೋಡಿದೆ. ಎರೆಯನ್ನು ಸಣ್ಣದು ಮಾಡಬಹುದು. ದೊಡ್ಡ ಹೆಣ್ಣು ಮೀನಿಗಾಗಿ ಕಾಯುವವರು ಅದನ್ನೇ ಉಳಿಸಿಕೊಂಡು ಜಾಗ ಬದಲಾಯಿಸಬೇಕು.

ಸೀಳಿಲ್ಲದೆ ಮೊಳೆ ಹೊಡೆದಂತೆ ಜೋಡಿ ತೂತುಗಳು ಮಾತ್ರ ಇದ್ದರೆ ಅದು ಪೈಕ್ ಅಲ್ಲ, ಜ್ಯಾಂಡರ್ ಎಂಬ ಇನ್ನೊಂದು ಬೇಟೆಗಾರ ಮೀನು. 1963ರಲ್ಲಿ ಗ್ರೇಟ್ ಊಸ್ ನದಿಯ ರಿಲೀಫ್ ಚಾನೆಲ್‌ಗೆ ಬಿಟ್ಟ ಈ ಮೀನು ಅಲ್ಲಿಂದ ಫೆನ್ ಸೀಮೆಯ ನೀರುಗಳಿಗೆಲ್ಲ ಹರಡಿದೆ. ಅದರ ಬಾಯಿಯ ಮುಂಭಾಗದ ಕೋರೆಗಳು ಚುಚ್ಚುತ್ತವೆಯೇ ಹೊರತು ಸೀಳುವುದಿಲ್ಲ. ದಾರದ ಎಳೆತ ಸ್ವಲ್ಪ ತಿಳಿದರೂ ಅದು ಎರೆಯನ್ನು ಉಗುಳುತ್ತದೆ. ಬೆಳಕು ಮುಳುಗುವ ಹೊತ್ತಿನಲ್ಲಿ, ಸಿಹಿನೀರಿನ ಸಣ್ಣ ಎರೆಗೆ ಮೇಲಿಂದ ಮೇಲೆ ಹೀಗಾಗುತ್ತಿದ್ದರೆ ಸಮುದ್ರದ ಮೀನನ್ನು ಹಾಕಿದರೆ ಸಾಕು, ಜ್ಯಾಂಡರ್ ಸಾಮಾನ್ಯವಾಗಿ ಅದರತ್ತ ಬರುವುದಿಲ್ಲ.

ಬೆಂಡು ಅಲುಗದೆಯೇ ಎರೆಯ ಹೊಟ್ಟೆ ಟೊಳ್ಳಾಗಿ, ಅಂಚುಗಳು ಚಿವುಟಿದಂತೆ ಹರಿದು, ಕಣ್ಣುಗಳು ಕಾಣೆಯಾಗಿ ಬಂದರೆ ಅದು ಸಿಗ್ನಲ್ ಕ್ರೇಫಿಶ್‌ನ ಕೆಲಸ. ಅಮೆರಿಕದಿಂದ 1970ರ ದಶಕದಲ್ಲಿ ಸಾಕಣೆಗೆಂದು ಬ್ರಿಟನ್ನಿಗೆ ತಂದ ಈ ಸಿಹಿನೀರಿನ ಸಿಗಡಿಜಾತಿ ತಪ್ಪಿಸಿಕೊಂಡು ಹಲವು ನದಿಗಳನ್ನು ಆಕ್ರಮಿಸಿದೆ. ನೀರು ಬೆಚ್ಚಗಾದಂತೆ ಇದರ ಹಾವಳಿ ಹೆಚ್ಚುವುದರಿಂದ ಫೆಬ್ರವರಿಯಲ್ಲಿ ಇಲ್ಲದ ತೊಂದರೆ ಮಾರ್ಚ್ ಎರಡನೆಯ ವಾರದಲ್ಲಿ ಎದುರಾಗುತ್ತದೆ. ಬೂತಾಯಿಯಂಥ ಮೆತ್ತನೆಯ ಮೀನು ಅಲ್ಲಿ ಉಳಿಯುವುದಿಲ್ಲ. ಹಾವಿನಂತೆ ಉದ್ದನೆಯ, ಗಟ್ಟಿ ಚರ್ಮದ ಲ್ಯಾಂಪ್ರಿಯ ತುಂಡನ್ನೋ ಬಂಗುಡೆಯ ಬಾಲದ ಭಾಗವನ್ನೋ ಬಳಸಿ, ಅದನ್ನು ತಳದಿಂದ ಎರಡು ಗೇಣು ಮೇಲಕ್ಕೆ ಎತ್ತಿ ನಿಲ್ಲಿಸಬೇಕು.

ಎರೆಯ ಮೈಯೆಲ್ಲ ಕಪ್ಪು ಕೆಸರು ಮೆತ್ತಿಕೊಂಡು ಕೊಳೆತ ಎಲೆಯ ವಾಸನೆ ಬಂದರೆ ಅದು ಹೂಳಿನೊಳಗೆ ಹುದುಗಿ ಕುಳಿತಿತ್ತು. ಪಾಚಿಯ ಎಳೆಗಳು ಸುತ್ತಿಕೊಂಡಿದ್ದರೆ ಹೊಸ ಚಿಗುರಿನ ಹಾಸಿನಲ್ಲಿ ಮುಳುಗಿತ್ತು. ವಸಂತದಲ್ಲಿ ಆಳವಿಲ್ಲದ ಕಡೆ ಗಾಳ ಹಾಕುವವರಿಗೆ ಇದು ತೀರ ಸಾಮಾನ್ಯ ತೊಂದರೆ. ಬಾಲ್ಸಾ ಮರದ ಸಣ್ಣ ಕಡ್ಡಿಯನ್ನೋ ಫೋಮಿನ ತುಂಡನ್ನೋ ಎರೆಯ ಗಂಟಲೊಳಗೆ ತೂರಿಸಿದರೆ ಮೀನು ತಳದಿಂದ ಮೇಲೆದ್ದು ನಿಲ್ಲುತ್ತದೆ. ದಂಡೆಯ ಪಕ್ಕದಲ್ಲೇ ಒಮ್ಮೆ ಇಳಿಸಿ, ಅದು ಎಷ್ಟು ಎತ್ತರದಲ್ಲಿ, ಯಾವ ಭಂಗಿಯಲ್ಲಿ ನಿಲ್ಲುತ್ತದೆ ಎಂದು ಕಣ್ಣಾರೆ ನೋಡಿಕೊಂಡ ಮೇಲೆಯೇ ದೂರ ಎಸೆಯಬೇಕು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ರೋಚ್‌ನಂಥ ಸಿಹಿನೀರಿನ ಮೀನಿನ ಗಾಳಿಚೀಲ ಒಡೆಯದೆ ಉಳಿದಿದ್ದರೆ ತಳದಲ್ಲಿರಬೇಕಾದ ಎರೆ ಹೊಟ್ಟೆ ಮೇಲಾಗಿ ಎದ್ದು ತೇಲುತ್ತದೆ. ಗಂಟೆಗಟ್ಟಲೆ ಕಾದು ಕೊನೆಗೆ ನೀರಿನ ನಡುವೆ ಬಿಳಿಯ ಹೊಟ್ಟೆ ಕಂಡಾಗಲೇ ಇದು ತಿಳಿಯುವುದು. ಹೊಟ್ಟೆಯ ಮೇಲ್ಭಾಗದಲ್ಲಿ, ಬೆನ್ನೆಲುಬಿನ ಕೆಳಗೆ ಸೂಜಿಯಿಂದ ಚುಚ್ಚಿ ನೀರಿನಡಿಯಲ್ಲಿ ಮೆಲ್ಲಗೆ ಹಿಂಡಿದರೆ ಗುಳ್ಳೆಗಳು ಹೊರಬಂದು ಮೀನು ಮುಳುಗುತ್ತದೆ. ಅಟ್ಲಾಂಟಿಕ್ ಬಂಗುಡೆಗೆ ಗಾಳಿಚೀಲವೇ ಇಲ್ಲದಿರುವುದರಿಂದ ಅದರಲ್ಲಿ ಈ ತೊಂದರೆ ಬರುವುದಿಲ್ಲ.

ಯಾವ ನೀರಿಗೆ ಯಾವ ಮೀನು

ಮೇಲಿನ ದೋಷಗಳೆಲ್ಲ ಇಲ್ಲವೆಂದು ಖಚಿತವಾದ ಮೇಲೆ ಜಾತಿಯ ಆಯ್ಕೆಗೆ ಬರಬೇಕು. ನನ್ನ ಮೊದಲ ಪ್ರಶ್ನೆ ನೀರಿನ ಬಣ್ಣದ್ದು. ಮೊಣಕಾಲಿನಾಳದ ನೀರಿನಲ್ಲಿ ಬೂಟಿನ ತುದಿ ಕಾಣದಷ್ಟು ಬಗ್ಗಡವಿದ್ದರೆ ಪೈಕ್ ಮೂಗನ್ನೂ, ನೀರಿನ ಅಲುಗಾಟವನ್ನು ಗ್ರಹಿಸುವ ಮೈಮಗ್ಗುಲಿನ ಪಾರ್ಶ್ವರೇಖೆಯನ್ನೂ ನಂಬಿ ಬೇಟೆಯಾಡುತ್ತದೆ, ಸತ್ತ ಎರೆ ಅಲುಗದೆ ಇರುವುದರಿಂದ ಮೂಗೊಂದೇ ನಮಗೆ ನೆರವಾಗುವುದು. ಅಲ್ಲಿ ಬೂತಾಯಿಗೆ ಸಮನಾದದ್ದು ಇಲ್ಲ. ಅದರ ಚರ್ಮ ತೆಳು, ಮಾಂಸ ಮೆತ್ತಗೆ, ರಸ ಬೇಗ ಬಿಡುತ್ತದೆ. ಆ ಮೆತ್ತನೆಯ ಗುಣವೇ ಅದರ ದೋಷವೂ ಹೌದು: ಪೂರ್ತಿ ಕರಗಿದ ಬೂತಾಯಿ ಎಸೆತದ ರಭಸಕ್ಕೆ ಗಾಳದಿಂದ ಕಳಚಿ ಬೇರೆ ದಿಕ್ಕಿಗೆ ಹಾರಿಹೋಗುತ್ತದೆ. ಅರ್ಧ ಹೆಪ್ಪುಗಟ್ಟಿರುವಾಗಲೇ ಎಸೆಯಬೇಕು, ಬಾಲದ ಬುಡದಲ್ಲಿ ಎಲಾಸ್ಟಿಕ್ ದಾರವನ್ನು ಏಳೆಂಟು ಸುತ್ತು ಸುತ್ತಿ ಮೇಲಿನ ಗಾಳವನ್ನು ಬಂಧಿಸಬೇಕು. ದಾರ ಹಗುರವಾಗಿ ಹಿಂದಕ್ಕೆ ಬಂತೆಂದು ಅನುಮಾನ ಬಂದರೆ ಕಾಯದೆ ಎತ್ತಿ ನೋಡುವುದೇ ಮೇಲು.

ಬಂಗುಡೆಯ ಚರ್ಮ ಗಟ್ಟಿ. ದೂರ ಎಸೆಯಬಹುದು, ಒಂದೇ ಎರೆಯನ್ನು ನಾಲ್ಕೈದು ಸಲ ಜಾಗ ಬದಲಾಯಿಸಿ ಹಾಕಬಹುದು. ಇಡಿಯ ಬಂಗುಡೆ ಬಹಳ ದೊಡ್ಡದಾಗುವುದರಿಂದ ಬಾಲದ ಅರ್ಧಭಾಗವನ್ನು ಓರೆಯಾಗಿ ಕತ್ತರಿಸಿ ಬಳಸಬೇಕು. ಓರೆ ಕತ್ತರಿಯಲ್ಲಿ ಮಾಂಸದ ಹೆಚ್ಚು ಭಾಗ ನೀರಿಗೆ ತೆರೆದುಕೊಂಡು ರಸ ಚೆನ್ನಾಗಿ ಇಳಿಯುತ್ತದೆ. ಇಡಿಯಾಗಿ ಹಾಕುವ ಯಾವ ಮೀನಿಗಾದರೂ ಮಗ್ಗುಲಲ್ಲಿ ಚಾಕುವಿನಿಂದ ಮೂರು ನಾಲ್ಕು ಗೀರುಗಳನ್ನು ಹಾಕುವುದನ್ನು ಮರೆಯಬಾರದು. ಹೆರಿಂಗ್ ಮೀನು ಬೂತಾಯಿ, ಬಂಗುಡೆಗಳ ನಡುವಿನದು, ಒಳ್ಳೆಯದು ಸಿಕ್ಕರೆ ಬಿಡಬೇಕಾಗಿಲ್ಲ.

ತಿಳಿನೀರಿನ ದಿನಕ್ಕೆ ನಾನು ಮೊದಲು ಕೈಯಿಡುವುದು ಸ್ಮೆಲ್ಟಿಗೆ. ಒಂದು ಗೇಣಿನೊಳಗಿನ, ಬೆಳ್ಳಿಯ ಮೈಯ ಈ ಸಣ್ಣ ಮೀನಿಗೆ ಎಳೆಯ ಸೌತೆಕಾಯಿಯದೇ ವಾಸನೆ. ಹೊದಿಕೆ ಬಿಚ್ಚಿದ ಕೂಡಲೇ ಕೋಸಂಬರಿಗೆ ಸೌತೆ ಹೆಚ್ಚಿದಂತೆ ಅನಿಸುತ್ತದೆ, ಮೊದಲ ಸಲ ಮೂಸಿದವರು ನಂಬುವುದೇ ಇಲ್ಲ. ಆ ವಾಸನೆ ಇಲ್ಲದ ಸ್ಮೆಲ್ಟ್ ಹಳತೆಂದು ತಿಳಿಯಬೇಕು. ತತ್ತಿ ತುಂಬಿದ ಹೆಣ್ಣು ಪೈಕ್ ದೊಡ್ಡ ಎರೆಯನ್ನೇ ಬಯಸುತ್ತದೆ ಎಂಬ ನಂಬಿಕೆ ದಂಡೆಯಲ್ಲಿ ಬಲವಾಗಿದೆ, ನಾನು ಅದನ್ನು ಒಪ್ಪುವುದಿಲ್ಲ. ತಣ್ಣಗಿನ ನೀರಿನಲ್ಲಿ, ಹೊಟ್ಟೆಯ ಹೆಚ್ಚಿನ ಜಾಗವನ್ನು ತತ್ತಿಯೇ ಆಕ್ರಮಿಸಿಕೊಂಡಿರುವಾಗ, ಒಂದು ಗೇಣಿನ ಎರೆಯನ್ನು ಅದು ಅಳುಕದೆ ಎತ್ತಿಕೊಂಡದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಲ್ಯಾಂಪ್ರಿಯ ತುಂಡಿನಲ್ಲಿ ರಕ್ತ ಬಹಳ, ಮೂಳೆ ಇಲ್ಲ, ಚರ್ಮ ಚಪ್ಪಲಿಯ ಪಟ್ಟಿಯಷ್ಟು ಗಟ್ಟಿ. ಹರಿಯುವ ನೀರಿಗೆ ಅದು ಬಹಳ ಒಪ್ಪುತ್ತದೆ, ಬೆಲೆ ಮಾತ್ರ ಹೆಚ್ಚು. ಹಾವುಮೀನಿನ ತುಂಡನ್ನು ಹಿಂದೆ ಬಹಳ ಜನ ಬಳಸುತ್ತಿದ್ದರು. ಯುರೋಪಿನ ಆ ಮೀನು ಈಗ ಅಳಿವಿನ ಅಂಚಿನಲ್ಲಿದೆ, ಇಂಗ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಹಾವುಮೀನನ್ನು ಜೀವಸಹಿತ ನೀರಿಗೆ ಬಿಡಲೇಬೇಕು. ಅದನ್ನು ಎರೆಯ ಪಟ್ಟಿಯಿಂದ ಪೂರ್ತಿ ಕೈಬಿಟ್ಟಿರುವುದೇ ಸರಿ.

ರೋಚ್ ಮುಂತಾದ ಸಿಹಿನೀರಿನ ಮೀನುಗಳು ಹೆಚ್ಚು ಜನ ಗಾಳ ಹಾಕುವ ನೀರಿನಲ್ಲಿ, ಸಮುದ್ರದ ಎರೆಯ ರುಚಿ ಕಂಡು ಎಚ್ಚೆತ್ತ ಪೈಕಿಗೆ ಒಳ್ಳೆಯ ಬದಲು. ಆದರೆ ಒಂದು ನೀರಿನ ಮೀನನ್ನು ಇನ್ನೊಂದು ನೀರಿಗೆ ಒಯ್ಯಬಾರದು, ರೋಗಗಳೂ ಪರೋಪಜೀವಿಗಳೂ ಹಾಗೆಯೇ ಹರಡುವುದು. ಲೇಕ್ ಡಿಸ್ಟ್ರಿಕ್ಟ್‌ನ ವಿಂಡರ್‌ಮಿಯರ್ ಮುಂತಾದ ಸರೋವರಗಳಲ್ಲಿ ಸಿಹಿನೀರಿನ ಮೀನನ್ನು, ಬದುಕಿದ್ದಾಗಲಿ ಸತ್ತದ್ದಾಗಲಿ, ಎರೆಯಾಗಿ ಬಳಸುವುದೇ ನಿಷಿದ್ಧ. ಹೊಸ ನೀರಿಗೆ ಹೋದಾಗ ದಂಡೆಯ ಫಲಕವನ್ನು ಓದಿದ ಮೇಲೆಯೇ ಎರೆಯ ಪೆಟ್ಟಿಗೆ ತೆರೆಯಬೇಕು.

ಎರಡು ಎರೆಗಳಲ್ಲಿ ಯಾವುದು ಮೇಲು ಎಂದು ನಿರ್ಧರಿಸಬೇಕಾದರೆ ಉಳಿದೆಲ್ಲವನ್ನೂ ಸಮವಾಗಿಡಬೇಕು. ಒಂದೇ ಆಳ, ಒಂದೇ ಬಗೆಯ ಕಟ್ಟು, ಒಂದು ಕೋಲಿನಲ್ಲಿ ಬೂತಾಯಿ, ಇನ್ನೊಂದರಲ್ಲಿ ಸ್ಮೆಲ್ಟ್ ಎಂದು ಆರಂಭಿಸಿ, ನಡುವೆ ಎರಡರ ಜಾಗವನ್ನು ಅದಲು ಬದಲು ಮಾಡಬೇಕು. ಎರೆಯನ್ನೂ ಜಾಗವನ್ನೂ ಒಟ್ಟಿಗೆ ಬದಲಾಯಿಸಿದರೆ ಮೀನು ಬಿದ್ದದ್ದು ಯಾವುದರಿಂದ ಎಂದು ಹೇಳಲು ಬರುವುದಿಲ್ಲ.

ಬೆಂಡು ಸರಿದು ನಿಂತರೆ

ಅಡ್ಡ ಸೀಳುಗಳಿರುವ ಎರೆ ಹಿಂದಕ್ಕೆ ಬಂದಾಗ ದೋಷ ಕಟ್ಟಿನಲ್ಲಿದೆ ಎಂದೆ. ಮೊದಲು ನೋಡಬೇಕಾದದ್ದು ಎಳೆತ. ರೀಲಿನಲ್ಲಿ ದಾರವನ್ನು ತಡೆದು ಹಿಡಿಯುವ ತಂತಿಬಾಗು ತೆರೆದಿದೆಯೇ, ದಾರ ಹುಲ್ಲಿಗೋ ಕಲ್ಲಿಗೋ ಸಿಕ್ಕಿಕೊಂಡಿದೆಯೇ, ತೂಕದ ಗುಂಡಿನ ಉಂಗುರದೊಳಗೆ ದಾರ ಸಲೀಸಾಗಿ ಜಾರುತ್ತದೆಯೇ ಎಂದು ಕೈಯಿಂದ ಎಳೆದು ಪರೀಕ್ಷಿಸಬೇಕು. ಪೈಕ್ ತಣ್ಣಗಿನ ನೀರಿನಲ್ಲಿ ಎರೆಯನ್ನು ಎತ್ತಿಕೊಂಡು ಅಲ್ಲೇ ನಿಂತಿರುವುದೂ ಉಂಟು, ಆಗ ದಾರ ಸರಿದರೆ ಕೂಗುವ ಅಲಾರಂ ಒಂದೇ ಒಂದು ಸಲ ಕೂಗಿ ಸುಮ್ಮನಾಗುತ್ತದೆ. ಅದನ್ನು ಗಾಳಿಯ ಆಟವೆಂದು ಬಿಡಬಾರದು. ಆಳವಿಲ್ಲದ ನೀರಿನಲ್ಲಿ ನಾನು ಅಲಾರಮಿಗಿಂತ ಬೆಂಡನ್ನೇ ನಂಬುತ್ತೇನೆ: ಎರೆ ತಳದಲ್ಲಿದ್ದು ಬೆಂಡು ಓರೆಯಾಗಿ ನಿಂತಿದ್ದರೆ, ಮೀನು ಎರೆಯನ್ನು ಎತ್ತಿದ ಕ್ಷಣವೇ ಅದು ಅಡ್ಡ ಬೀಳುತ್ತದೆ.

ಎರಡನೆಯದು ಗಾಳಗಳ ಜಾಗ. ಮೂರು ಮುಳ್ಳಿನ, 6 ಅಥವಾ 8ನೇ ಅಳತೆಯ ಎರಡು ಗಾಳಗಳಲ್ಲಿ ಒಂದು ಬಾಲದ ಬುಡದಲ್ಲಿ, ಇನ್ನೊಂದು ಮಗ್ಗುಲಿನ ನಡುವೆ ಇರಬೇಕು, ಮುಳ್ಳುಗಳು ಮಾಂಸದೊಳಗೆ ಹೂತುಹೋಗದೆ ತುದಿ ಹೊರಗೆ ಚಾಚಿರಬೇಕು. ಇವೆರಡೂ ಉಕ್ಕಿನ ತಂತಿಗೆ ಕಟ್ಟಿದ್ದಾಗಿರಬೇಕು, ತಂತಿ ಅರ್ಧ ಮೀಟರಿಗಿಂತ ಚಿಕ್ಕದಾಗಿರಬಾರದು. ದೊಡ್ಡ ಎರೆಯ ತಲೆಯ ಕಡೆಗೆಲ್ಲ ಗಾಳವಿಲ್ಲದೆ ಬರಿದಾಗಿದ್ದು ಸೀಳುಗಳು ಅಲ್ಲಿಯೇ ಕಂಡರೆ ಎರೆಯನ್ನು ಅರ್ಧಕ್ಕೆ ಕತ್ತರಿಸುವುದೇ ಪರಿಹಾರ.

ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ. ಮೀನು ಬಿತ್ತು, ಆದರೆ ಗಾಳ ಗಂಟಲಿನ ಆಳಕ್ಕೆ ಇಳಿದಿದೆ ಎಂದಾದರೆ ಎರೆ ಸಣ್ಣದಾಗಿತ್ತು ಮತ್ತು ನೀವು ತಡಮಾಡಿದಿರಿ ಎಂದು ಅರ್ಥ. ಸ್ಪ್ರಾಟ್‌ನಂಥ ಪುಟ್ಟ ಮೀನನ್ನು ಪೈಕ್ ತಿರುಗಿಸುವ ಗೋಜಿಲ್ಲದೆ ನುಂಗುತ್ತದೆ, ಅದನ್ನು ಬಳಸುವಾಗ ಕೋಲಿನ ಪಕ್ಕದಿಂದ ಏಳಲೇಬಾರದು. ಎರೆ ಯಾವುದೇ ಇರಲಿ, ಬೆಂಡು ಸರಿದ ಕೂಡಲೇ ದಾರವನ್ನು ಸುತ್ತಿ ಬಿಗಿ ಮಾಡಿ ಎಳೆಯಬೇಕು. ಉದ್ದ ಮೂತಿಯ ಇಕ್ಕುಳ, ತಂತಿ ಕತ್ತರಿಸುವ ಇಕ್ಕುಳ ಮತ್ತು ಮೀನನ್ನು ಮಲಗಿಸಲು ಮೆತ್ತನೆಯ ಹಾಸು ಇಲ್ಲದೆ ಪೈಕಿಗೆ ಗಾಳ ಹಾಕಲು ಹೋಗಬಾರದು. ಈ ಹೆಣ್ಣು ಮೀನುಗಳ ಹೊಟ್ಟೆಯಲ್ಲಿ ಮುಂದಿನ ಪೀಳಿಗೆ ಇರುವುದರಿಂದ ಈ ನಿಯಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲಾರೆ.

ಕೊನೆಯದಾಗಿ, ದೋಷದಂತೆ ಕಾಣುವ ಆದರೆ ದೋಷವಲ್ಲದ ಒಂದು ಸ್ಥಿತಿ. ನಿಷೇಧದ ಅವಧಿ ಅನ್ವಯಿಸದ ಕೆರೆಗಳಲ್ಲಿ ಮಾರ್ಚ್ 14ರ ನಂತರವೂ ಗಾಳ ಹಾಕಬಹುದು. ಅಲ್ಲಿ ಬಿಸಿಲೇರಿದ ಮಧ್ಯಾಹ್ನ, ಮೊಣಕಾಲಿನಾಳದ ನೀರಿನಲ್ಲಿ, ಹಳೆಯ ಜೊಂಡಿನ ನಡುವೆ ದೊಡ್ಡದೊಂದು ಪೈಕ್ ನಿಧಾನವಾಗಿ ಸರಿಯುತ್ತಿರುತ್ತದೆ. ಅದರ ಎರಡೂ ಮಗ್ಗುಲಿಗೆ ಎರಡು ಮೂರು ಸಣ್ಣ ಗಂಡುಗಳು ಅಂಟಿಕೊಂಡಂತೆ ಈಜುತ್ತವೆ, ಆಗಾಗ ಜೊಂಡು ನಡುಗುತ್ತದೆ. ನಿಮ್ಮ ಎರೆ ಒಂದು ಮಾರು ದೂರದಲ್ಲೇ ಬಿದ್ದಿದ್ದರೂ ಅವು ಅದರತ್ತ ತಿರುಗಿಯೂ ನೋಡುವುದಿಲ್ಲ. ಅವು ಮೊಟ್ಟೆಯಿಡುತ್ತಿವೆ, ಆ ಹೊತ್ತಿನಲ್ಲಿ ಯಾವ ಎರೆಯೂ ಫಲಿಸದು, ಫಲಿಸಲೂ ಬಾರದು. ಸದ್ದಿಲ್ಲದೆ ದಾರ ಸುತ್ತಿಕೊಂಡು, ಅವುಗಳ ಮೇಲೆ ನೆರಳು ಬೀಳದ ಹಾಗೆ ದಂಡೆಯಿಂದ ಹಿಂದೆ ಸರಿದು, ಕೋಲುಗಳನ್ನು ಚೀಲಕ್ಕೆ ಹಾಕಬೇಕು.